ಪ್ರಸಂಗ ಚೆನ್ನಾದರೆ ಜನ ಚರ್ಚಿಗೆ ವಾಪಸ್ ಬರ್ತಾರಾ?

ಪ್ರಶ್ನೆ: ನಾನು ಮಂಡ್ಯದ ಒಂದು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಕಮಿಟಿ ಸದಸ್ಯೆ. ಶಾಲೆಯಲ್ಲಿ ಟೀಚರ್. ನಾನು ಚಿಕ್ಕವಳಿದ್ದಾಗ ಭಾನುವಾರ ಲೇಟಾಗಿ ಹೋದರೆ ಕೂರೋಕೆ ಜಾಗ ಸಿಗುತ್ತಿರಲಿಲ್ಲ. ಈಗ ಅರ್ಧ ಬೆಂಚು ಖಾಲಿ. ಅಯ್ಯನವರ (ಸಭಾಪಾಲಕರ) ಪ್ರಸಂಗದಲ್ಲಿ, ಅಂದರೆ ಭಾನುವಾರದ ಉಪದೇಶದಲ್ಲಿ, ಸತ್ವ ಇಲ್ಲ, ಅದಕ್ಕೇ ಜನ ಬರುತ್ತಿಲ್ಲ ಅಂತ ಕಮಿಟಿಯಲ್ಲಿ ಮಾತು. ದೊಡ್ಡ ಪರದೆ ಹಾಕಿಸೋಣ, ಹೊಸ ಮ್ಯೂಸಿಕ್ ಸೆಟ್ ತರೋಣ ಅಂತ ಕೆಲವರು ಹೇಳುತ್ತಾರೆ. ಯೂಟ್ಯೂಬಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುತ್ತೆ, ನಾನ್ಯಾಕೆ ಬರಬೇಕು ಅಂತ ನನ್ನ ಮಗ ಕೇಳುತ್ತಾನೆ. ನಿಜವಾಗಿ ಪ್ರಸಂಗ ಸರಿಹೋದರೆ ಸಭೆ ತುಂಬುತ್ತಾ? ಇಲ್ಲ, ಎಲ್ಲ ಕಡೆ ಆಗುತ್ತಿರುವ ಇಳಿತವೇ ನಮ್ಮಲ್ಲೂ ಆಗುತ್ತಿದೆಯಾ?

ಉತ್ತರ: ಪ್ರಸಂಗ ಸರಿಹೋದರೆ ಸಭೆ ತುಂಬುತ್ತೆ ಅಂತ ನಾನು ಮಾತು ಕೊಡಲಾರೆ. ಆದರೂ ಪ್ರಸಂಗ ಸರಿಹೋಗಲೇಬೇಕು. ಇವೆರಡನ್ನೂ ಒಂದಕ್ಕೊಂದು ಗಂಟು ಹಾಕಿದ್ದರಿಂದಲೇ ನಿಮ್ಮ ಕಮಿಟಿಯಲ್ಲಿ ಮಾತು ಮುಂದಕ್ಕೆ ಹೋಗುತ್ತಿಲ್ಲ ಅನಿಸುತ್ತದೆ.

ಮೈಸೂರು, ಮಂಡ್ಯ, ಮಳವಳ್ಳಿ ಕಡೆಯ ಸಭೆಗಳಲ್ಲೇ ನನ್ನ ಸೇವೆಯ ಹೆಚ್ಚಿನ ಕಾಲ ಕಳೆದಿದೆ. ನಾನು ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಸಂಗ ಸಪ್ಪೆ ಅನ್ನುವ ಒಂದೇ ಕಾರಣಕ್ಕೆ ಸಭೆ ಬಿಟ್ಟವರು ತುಂಬಾ ಕಡಿಮೆ. ಸಭಾಪಾಲಕರು ಮನೆಗಳಿಗೆ ಹೋಗುವುದು ನಿಂತಿತು. ಅದರಿಂದ ಜನ ದೂರವಾದರು, ಅದರಿಂದಲೇ ಪ್ರಸಂಗವೂ ಸಪ್ಪೆಯಾಯಿತು. ನಾವು ಭಾನುವಾರದ ಆ ಅರ್ಧ ಗಂಟೆಯನ್ನು ಮಾತ್ರ ನೋಡುತ್ತಾ, ಸೋಮವಾರದಿಂದ ಶನಿವಾರದವರೆಗೆ ಏನಾಯಿತು ಅಂತ ಕೇಳುವುದನ್ನೇ ಬಿಟ್ಟಿದ್ದೇವೆ.

ಸತ್ಯವೇದದಲ್ಲೇ (ಬೈಬಲಿನಲ್ಲೇ) ನೋಡಿ. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಜೀವದ ರೊಟ್ಟಿಯ ಬಗ್ಗೆ ಮಾತಾಡುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರಸಂಗ ಉಂಟಾ? ಅದು ಮುಗಿಯುವ ಹೊತ್ತಿಗೆ ಶಿಷ್ಯರಲ್ಲೇ ಅನೇಕರು ಎದ್ದು ಹೋದರು. ನೀವೂ ಹೋಗಬೇಕು ಅಂತಿದ್ದೀರಾ ಅಂತ ಉಳಿದ ಹನ್ನೆರಡು ಮಂದಿ ಆಪ್ತ ಶಿಷ್ಯರನ್ನು ಕೇಳುವ ಸ್ಥಿತಿ ಬಂತು. ಇನ್ನೊಂದು ಕಡೆ ಪ್ರವಾದಿ ಯೋನನನ್ನು ನೋಡಿ. ಮನಸ್ಸಿಲ್ಲದೆ ನಿನೆವೆ ಪಟ್ಟಣಕ್ಕೆ ಹೋದವನು. ನಲವತ್ತು ದಿನ ಆದ ಮೇಲೆ ಊರು ನಾಶವಾಗುತ್ತೆ ಅಂತ ಒಂದೇ ಸಾಲು ಸಾರಿದ. ಸಮಾಧಾನದ ಒಂದು ಮಾತಿಲ್ಲ, ಉದಾಹರಣೆ ಇಲ್ಲ. ನಿನೆವೆಗೆ ನಿನೆವೆಯೇ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಟ್ಟುಕೊಂಡು ಕೂತಿತು. ಬಂದವರ ತಲೆ ಎಣಿಸಿ ಪ್ರಸಂಗಕ್ಕೆ ಮಾರ್ಕ್ಸ್ ಕೊಡುವುದಾದರೆ ಯೋನನೇ ಫಸ್ಟ್ ಬರಬೇಕಾಗುತ್ತೆ. ಹಾಗಾಗಿ ಖಾಲಿ ಬೆಂಚು ತೋರಿಸಿ ನಿಮ್ಮ ಅಯ್ಯನವರನ್ನು ಅಳೆಯಬೇಡಿ. ಅಳೆಯಲು ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಈಗ ಇಳಿತದ ವಿಷಯ. ಎಲ್ಲ ಕಡೆ ಚರ್ಚು ಖಾಲಿಯಾಗುತ್ತಿದೆ ಅನ್ನುವ ಮಾತು ಹೆಚ್ಚಾಗಿ ಪಶ್ಚಿಮದಿಂದ ಬಂದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರ ಜನಗಣತಿಯಲ್ಲಿ ನೂರಕ್ಕೆ 59.3 ಮಂದಿ ತಾವು ಕ್ರೈಸ್ತರು ಅಂತ ಬರೆಸಿದ್ದರು. 2021ರಲ್ಲಿ ಅದು 46.2ಕ್ಕೆ ಬಂತು. ಯಾವ ಧರ್ಮವೂ ಇಲ್ಲ ಅಂದವರು 37.2. ನಮ್ಮ ಮೈಸೂರು ಸೀಮೆಗೆ ವೆಸ್ಲಿಯನ್ (ಮೆಥಡಿಸ್ಟ್) ಮಿಷನರಿಗಳನ್ನು ಕಳಿಸಿದ್ದು ಅದೇ ನಾಡು. ಮನಸ್ಸಿಗೆ ನೋವಾಗುತ್ತೆ, ನಿಜ. ಆದರೆ ಅದು ಅಲ್ಲಿಯ ಕಥೆ. ಕರ್ನಾಟಕದಲ್ಲಿ 2001ರಲ್ಲಿ ಸುಮಾರು 10.09 ಲಕ್ಷ ಕ್ರೈಸ್ತರಿದ್ದರು. 2011ರಲ್ಲಿ 11.42 ಲಕ್ಷ. ಒಟ್ಟು ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 1.91ರಿಂದ 1.87ಕ್ಕೆ ಸ್ವಲ್ಪ ಸರಿದಿದೆ, ಅಷ್ಟೇ. ಮಂಡ್ಯ ಜಿಲ್ಲೆಯಲ್ಲಿ ನಾವು ಯಾವತ್ತೂ ಇದಕ್ಕಿಂತ ಕಡಿಮೆಯೇ. ಅಂದರೆ ಇಲ್ಲಿ ಜನ ದೇವರನ್ನು ಬಿಟ್ಟು ಹೋಗುತ್ತಿಲ್ಲ. ನಿಮ್ಮ ಬೆಂಚು ಬಿಟ್ಟು ಬೇರೆಲ್ಲೋ ಹೋಗುತ್ತಿದ್ದಾರೆ. ಕಾಯಿಲೆಯೇ ಬೇರೆ ಆಗಿರುವಾಗ ಅಲ್ಲಿಯ ಔಷಧಿ ತಂದು ಇಲ್ಲಿ ಕುಡಿಸಿದರೆ ಆಗುತ್ತಾ?

ಇನ್ನೊಂದು ಮಾತು. ನಿರಾಶೆ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪು 1799ರಲ್ಲಿ ಸತ್ತ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಅಬ್ಬೆ ದುಬಾಯ್ ಅನ್ನುವ ಫ್ರೆಂಚ್ ಪಾದ್ರಿ. ಸಿಡುಬಿನ ಲಸಿಕೆ ಹಾಕಿಸಲೂ ಬಹಳ ದುಡಿದರು. ಇಷ್ಟೆಲ್ಲ ಮಾಡಿ 1823ರಲ್ಲಿ ಯುರೋಪಿಗೆ ಹಿಂದಿರುಗಿದ ಅವರು, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಆಸೆಯೇ ಇಲ್ಲ ಅಂತ ಬರೆದರು. ಇನ್ನೂರು ವರ್ಷ ಕಳೆಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಅವರ ದೇವಾಲಯದಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿದೆ. ತಲೆ ಎಣಿಸಿ ಬೇಸತ್ತವರು ನಮಗಿಂತ ಮುಂಚೆಯೂ ಇದ್ದರು.

ಹಾಗಾದರೆ ನಿಮ್ಮ ಸಭೆಯವರು ಎಲ್ಲಿಗೆ ಹೋದರು? ಇದನ್ನು ಊಹೆ ಮಾಡಬೇಡಿ. ಸದಸ್ಯರ ರಿಜಿಸ್ಟರ್ ತೆಗೆಯಿರಿ. ಹಳೆಯ ದೀಕ್ಷಾಸ್ನಾನದ ಪುಸ್ತಕವೂ ಇರಲಿ. ಕಮಿಟಿಯವರು, ಹಿರಿಯರು, ಸ್ತ್ರೀಯರ ಸಂಘದವರು ಒಂದು ಸಂಜೆ ಕೂತು ಮನೆ ಮನೆ ಲೆಕ್ಕ ಹಾಕಿ. ಇವರು ಎಲ್ಲಿದ್ದಾರೆ, ಯಾಕೆ ಬರುತ್ತಿಲ್ಲ, ಕೊನೆಯ ಸಲ ಅವರ ಮನೆಗೆ ಯಾರು ಹೋಗಿದ್ದರು? ಮೂರನೆಯ ಪ್ರಶ್ನೆಗೆ ಬಂದಾಗ ಕೋಣೆಯಲ್ಲಿ ಮಾತು ನಿಲ್ಲುತ್ತೆ. ನಾನು ಈ ಕೆಲಸ ಮಾಡಿಸಿದ ಸಭೆಗಳಲ್ಲೆಲ್ಲ ಹಾಗೇ ಆಗಿದೆ.

ಹೀಗೆ ನೋಡಿದಾಗ ಒಂದು ದೊಡ್ಡ ಪಾಲು ಬೆಂಗಳೂರಿನಲ್ಲಿ ಸಿಗುತ್ತೆ. ಓದಿದ ಮಕ್ಕಳು ಮಂಡ್ಯದಲ್ಲಿ ಉಳಿಯುವುದಿಲ್ಲ. ಅಪ್ಪ ಅಮ್ಮ ಇಲ್ಲಿ, ಮಗ ವೈಟ್‌ಫೀಲ್ಡಿನಲ್ಲಿ. ಅವನು ಅಲ್ಲಿ ಯಾವುದೋ ಇಂಗ್ಲಿಷ್ ಆರಾಧನೆಗೆ ಹೋಗುತ್ತಾನೆ, ಕ್ರಿಸ್ಮಸ್‌ಗೆ ಊರಿಗೆ ಬರುತ್ತಾನೆ. ಇದು ಇಳಿತ ಅಲ್ಲ, ವಲಸೆ. ಹಿಂದೆ ನಮ್ಮ ಮನೆಗಳಲ್ಲಿ ಐದಾರು ಮಕ್ಕಳು, ಈಗ ಒಂದೋ ಎರಡೋ. ಸಂಡೇ ಸ್ಕೂಲ್ ಚಿಕ್ಕದಾಗದೆ ಏನು ಮಾಡೀತು?

ಮಿಷನ್ ಕಾಲದ ಹಗ್ಗವೂ ಸಡಿಲವಾಯಿತು. ಮೈಸೂರಿನಲ್ಲಿ ಹಾರ್ಡ್ವಿಕ್ ಶಾಲೆ, 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ (ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯೇ), ಪ್ರೆಸ್ಸು, ಹಾಸ್ಟೆಲ್ಲು ಎಲ್ಲ ಸೇರಿ ಒಂದು ಲೋಕ ಇತ್ತು. ಓದು, ಕೆಲಸ, ಮದುವೆ, ಮಣ್ಣು ಎಲ್ಲವೂ ಆ ಕಾಂಪೌಂಡಿನ ಸುತ್ತಲೇ. ಭಾನುವಾರ ಬರದಿದ್ದರೆ ಸೋಮವಾರ ಹೆಡ್‌ಮಾಸ್ಟರು ಕೇಳುತ್ತಿದ್ದರು. ಆಗ ಬೆಂಚು ತುಂಬಿದ್ದಕ್ಕೆ ಭಕ್ತಿ ಒಂದೇ ಕಾರಣ ಅಂತ ಹೇಳಲು ನನಗೆ ಧೈರ್ಯವಿಲ್ಲ. ಈಗ ಕೆಲಸಕ್ಕೂ ಚರ್ಚಿಗೂ ಸಂಬಂಧ ಇಲ್ಲ. ಬರುವವರು ಬರಬೇಕು ಅಂತಲೇ ಬರುತ್ತಾರೆ. ನೀವು ಚಿಕ್ಕವರಿದ್ದಾಗಿನ ಸಭೆಯನ್ನೂ ಈಗಿನದನ್ನೂ ಹೋಲಿಸುವಾಗ ಇದನ್ನು ಮರೆಯಬೇಡಿ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗೆ ಬಟ್ಟೆ ಒಗೆಯೋಕೆ, ನೆಂಟರನ್ನು ನೋಡೋಕೆ, ಸುಮ್ನೆ ಕೂರೋಕೆ ವಾರದಲ್ಲಿ ಭಾನುವಾರ ಒಂದೇ ಇರೋದು. ಆಸ್ಪತ್ರೆಯ ನರ್ಸ್‌ಗೆ ಆ ದಿನವೂ ಡ್ಯೂಟಿ. ಇಂಥವರಿಗಾಗಿ ನಿಮ್ಮ ಸಭೆಯಲ್ಲಿ ಸಂಜೆ ಆರಾಧನೆ ಇದೆಯಾ? ಇಲ್ಲದಿದ್ದರೆ ಅವರನ್ನು ಭಕ್ತಿ ಇಲ್ಲದವರು ಅನ್ನಬೇಡಿ.

ಇನ್ನೊಂದು ಕಾರಣವನ್ನು ನಮ್ಮವರು ಮೆಲುದನಿಯಲ್ಲಿ ಮಾತ್ರ ಹೇಳುತ್ತಾರೆ. 1950ರ ಪರಿಶಿಷ್ಟ ಜಾತಿ ಆದೇಶ ಕ್ರೈಸ್ತರಾದ ದಲಿತರನ್ನು ಆ ಪಟ್ಟಿಯಿಂದ, ಅದರ ಮೀಸಲಾತಿಯಿಂದ ಹೊರಗಿಟ್ಟಿದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ನಮ್ಮವರು ಇನ್ನೂ ಹೊರಗೇ. ಮಗಳ ಸೀಟಿಗೋ ಮಗನ ಕೆಲಸಕ್ಕೋ ಸರ್ಟಿಫಿಕೇಟ್ ಬೇಕಾದಾಗ, ಭಾನುವಾರ ಎಲ್ಲರ ಕಣ್ಣಿಗೆ ಕಾಣುವ ಹಾಗೆ ಚರ್ಚಿನ ಮೆಟ್ಟಿಲು ಹತ್ತಲು ಒಂದು ಮನೆಯವರು ಹೆದರುತ್ತಾರೆ. 2022ರ ಮತಾಂತರ ತಡೆ ಕಾನೂನು ಬಂದ ಮೇಲೆ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಲೂ ಹಿಂಜರಿದವರನ್ನು ಕಂಡಿದ್ದೇನೆ. ಇವರ ಮೇಲೆ ಪುಲ್ಪಿಟ್ಟಿನಿಂದ (ಪ್ರಸಂಗ ಪೀಠದಿಂದ) ಗುಡುಗುವ ಹಕ್ಕು ಯಾವ ಪಾಸ್ಟರಿಗೂ ಇಲ್ಲ. ಅವರ ಮನೆ ಬಾಗಿಲಿಗೆ ಹೋಗಿ ಅವರ ಕಷ್ಟ ಕೇಳುವ ಕರ್ತವ್ಯ ಇದೆ.

ಉಳಿದವರಲ್ಲಿ ಕೆಲವರು ಹೊಸ ಪ್ರಾರ್ಥನಾ ಮಂದಿರಗಳಿಗೆ ಹೋಗಿದ್ದಾರೆ. ಅಲ್ಲಿ ಕೀಬೋರ್ಡ್ ಇದೆ, ಡ್ರಮ್ಸ್ ಇದೆ, ಅದಕ್ಕೇ ಹೋದರು ಅಂತ ನಿಮ್ಮ ಕಮಿಟಿಯವರು ಅಂದುಕೊಂಡಿದ್ದಾರೆ. ಹೋದವರನ್ನೇ ಕೇಳಿ ನೋಡಿ. ನಾನು ಕೇಳಿದಾಗ ಡ್ರಮ್ಸಿನ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಒಬ್ಬ ತಾಯಿ ಹೇಳಿದರು: "ನಮ್ಮ ಯಜಮಾನರು ಐಸಿಯುನಲ್ಲಿದ್ದಾಗ ರಾತ್ರಿ ಹನ್ನೊಂದು ಗಂಟೆಗೆ ಆ ಪಾಸ್ಟರು ಬಸ್ಸಿಳಿದು ಬಂದ್ರು. ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರು. ನಮ್ಮ ಸಭೆಯಿಂದ ಫೋನೂ ಬರಲಿಲ್ಲ." ಇದಕ್ಕೆ ಎದುರು ಉತ್ತರ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಆ ಮಂದಿರದ ಬೋಧನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ಬಹಳ ಇವೆ. ಕಾಣಿಕೆ ಕೊಟ್ಟರೆ ಕಾಯಿಲೆ ಹೋಗುತ್ತೆ ಅನ್ನುವ ಉಪದೇಶವನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಆದರೆ ಆ ರಾತ್ರಿ ಆ ಮನುಷ್ಯ ಬಂದದ್ದು ಸರಿ.

ಜಗಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಮಿಟಿ ಎಲೆಕ್ಷನ್, ಜಾಗದ ವ್ಯಾಜ್ಯ, ಕೋರ್ಟು, ಎರಡು ಗುಂಪು. ಇದು ಹದಿಹರೆಯದ ಮಕ್ಕಳ ಕಣ್ಣೆದುರೇ ನಡೆದರೆ ಆ ಮಕ್ಕಳು ಮತ್ತೆ ಬರುವುದಿಲ್ಲ. ಯಾವ ಪ್ರಸಂಗವೂ ಅವರನ್ನು ತರಲಾರದು. ನಿಮ್ಮಲ್ಲಿ ಇಂಥದ್ದು ಇದ್ದರೆ ಪರದೆಗೆ ಹಣ ಎತ್ತುವ ಮುಂಚೆ ರಾಜಿ ಮಾಡಿಕೊಳ್ಳಿ.

ಈಗ ಪ್ರಸಂಗಕ್ಕೆ ಬರೋಣ. ನನಗೆ ಇದರ ಬಗ್ಗೆ ಹೇಳುವುದು ಜಾಸ್ತಿ ಇದೆ.

ಜನರಿಗೆ ಈಗ ತಾಳ್ಮೆ ಇಲ್ಲ, ಹತ್ತು ನಿಮಿಷಕ್ಕೆ ಮುಗಿಸಿ ಅಂತ ಪಾಸ್ಟರುಗಳಿಗೆ ಹೇಳುತ್ತಾರೆ. ನಾನು ಇದನ್ನು ನಂಬುವುದಿಲ್ಲ. ಮಳವಳ್ಳಿ, ಕೊಳ್ಳೇಗಾಲದ ಕಡೆ ಮಂಟೇಸ್ವಾಮಿ ಕಥೆ, ಮಾದೇಶ್ವರನ ಕಥೆ ಹಾಡುವ ನೀಲಗಾರರು, ದೇವರಗುಡ್ಡರು ಇದ್ದಾರೆ. ಸಂಜೆ ಶುರುವಾದರೆ ಬೆಳಗಿನವರೆಗೆ. ಮುದುಕರು, ಹುಡುಗರು ಕಂಬಳಿ ಹೊದ್ದು ಕೂತು ಕೇಳುತ್ತಾರೆ. ನಮ್ಮ ಜನರಿಗೆ ಕೇಳಲು ಬರುವುದಿಲ್ಲ ಅನ್ನುವುದು ನಮ್ಮ ಜನರಿಗೆ ಮಾಡುವ ಅವಮಾನ. ಆ ಹಾಡುಗಾರರಿಗೆ ಕಥೆ ಬಾಯಿಗೆ ಬಂದಿರುತ್ತೆ. ಎದುರು ಕೂತವರು ಯಾರು, ಅವರ ಮನೆಯಲ್ಲಿ ಏನಾಗಿದೆ ಅನ್ನುವುದೂ ಗೊತ್ತಿರುತ್ತೆ. ನಮ್ಮ ಪ್ರಸಂಗಗಳಲ್ಲಿ ಎಷ್ಟೋ ಸಲ ಈ ಎರಡೂ ಇರುವುದಿಲ್ಲ.

ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಯೂತಿಖ ಅನ್ನುವ ಹುಡುಗನ ಸಂಗತಿ ಇದೆ. ತ್ರೋವ ಪಟ್ಟಣದ ಒಂದು ಮೇಲ್ಮಾಳಿಗೆ. ತುಂಬಾ ದೀಪಗಳು ಉರಿಯುತ್ತಿವೆ. ಅಪೊಸ್ತಲ ಪೌಲ ಮಧ್ಯರಾತ್ರಿಯವರೆಗೆ ಮಾತಾಡುತ್ತಾನೆ. ಕಿಟಕಿಯಲ್ಲಿ ಕೂತ ಹುಡುಗ ನಿದ್ದೆಹೋಗಿ ಮೂರನೇ ಅಂತಸ್ತಿನಿಂದ ಬೀಳುತ್ತಾನೆ. ಉದ್ದ ಪ್ರಸಂಗದ ಪಾಸ್ಟರುಗಳನ್ನು ಗೇಲಿ ಮಾಡಲು ಜನ ಈ ಕಥೆ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಸಾಲು. ಪೌಲ ಮಾತು ನಿಲ್ಲಿಸಿದ. ಕೆಳಗೆ ಇಳಿದ. ಹುಡುಗನ ಮೇಲೆ ಬಿದ್ದು ತಬ್ಬಿಕೊಂಡ. ಅವನಲ್ಲಿ ಜೀವ ಇದೆ ಅಂದ. ಆಮೇಲೆ ಮೇಲಕ್ಕೆ ಹೋಗಿ ರೊಟ್ಟಿ ಮುರಿದ, ಬೆಳಗಾಗುವವರೆಗೆ ಮತ್ತೆ ಮಾತಾಡಿದ. ಜನ ಬೆಳಗಿನವರೆಗೂ ಕೂತರು! ಬಿದ್ದ ಹುಡುಗನಿಗಾಗಿ ಮೆಟ್ಟಿಲಿಳಿದು ಬಂದವನ ಮಾತನ್ನು ಯಾರು ತಾನೇ ಕೇಳುವುದಿಲ್ಲ?

ಒಂದು ಪ್ರಸಂಗ ಹೇಗೆ ಕೆಡುತ್ತೆ, ಹೇಗೆ ಸರಿಹೋಗುತ್ತೆ ಅಂತ ಒಂದೇ ವಾಕ್ಯಭಾಗ ಇಟ್ಟುಕೊಂಡು ತೋರಿಸುತ್ತೇನೆ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ, ಬಿತ್ತುವವನ ಸಾಮ್ಯ, ಅಂದರೆ ಯೇಸುಸ್ವಾಮಿ ಹೇಳಿದ ಉಪಮೆಯ ಕಥೆ. ಬೀಜ ಬಿದ್ದದ್ದು ನಾಲ್ಕು ಕಡೆ: ದಾರಿ, ಬಂಡೆನೆಲ, ಮುಳ್ಳು, ಒಳ್ಳೆಯ ನೆಲ. ಒಳ್ಳೆಯ ನೆಲದಲ್ಲಿ ಬಿದ್ದದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಟ್ಟಿತು. ಇದರ ಮೇಲೆ ನಾನು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಒಂದೇ ಥರ. ನೀನು ಯಾವ ನೆಲ, ನಿನ್ನ ಹೃದಯ ಬಂಡೆಯೋ ಮುಳ್ಳೋ ಅಂತ ಬೈಗುಳ. ಕೊನೆಗೆ "ನೂರರಷ್ಟು!" ಅಂತ ದನಿ ಎತ್ತಿ ಹಲ್ಲೆಲೂಯ.

ಈಗ ಇದೇ ವಾಕ್ಯ ಹಿಡಿದು ಮದ್ದೂರಿನ ಒಬ್ಬ ಭತ್ತದ ರೈತರ ಜಗಲಿಯಲ್ಲಿ ಕೂರಿ. ನಾನು ಕೂತಿದ್ದೆ. ಅವರು ಗದ್ದೆಗೆ ನೀರು ಕಟ್ಟಿ ಬಂದು ಕಾಲು ತೊಳೆಯುತ್ತಾ ಕೇಳಿದರು: "ಅಯ್ಯನೋರೇ, ನೂರು ಏನ್ ಮಹಾ? ಎಕರೆಗೆ 25 ಕೆಜಿ ಬಿತ್ತನೆ ಭತ್ತ ಒಟ್ಲು ಹಾಕ್ತೀವಿ. ಒಳ್ಳೆ ವರ್ಷ 25 ಕ್ವಿಂಟಲ್ ಬತ್ತದೆ. ಅಲ್ಲಿಗೆ ನೂರಾಯ್ತಲ್ವಾ?" ಸರಿಯಾದ ಲೆಕ್ಕ. ಯೇಸುಸ್ವಾಮಿ ಮಾತಾಡಿದ್ದು ಮಳೆ ನಂಬಿದ ಕಲ್ಲುನೆಲದಲ್ಲಿ ಗೋಧಿ, ಜವೆ ಬೆಳೆಯುತ್ತಿದ್ದ ಗಲಿಲಾಯದ ಜನರ ಹತ್ತಿರ. ಹತ್ತರಷ್ಟು ಬಂದರೆ ಅವರಿಗೆ ಅದು ಒಳ್ಳೆಯ ಫಸಲು. ನೂರು ಅಂದಾಗ ಅವರ ಬಾಯಿ ತೆರೆದಿರಬೇಕು. ಕೆಆರ್‌ಎಸ್ ನಾಲೆಯ ನೀರು ಕುಡಿದ ಗದ್ದೆಯ ಯಜಮಾನನಿಗೆ ಆ ನೂರು ಸಾಧಾರಣ ಸುಗ್ಗಿ. ಪುಲ್ಪಿಟ್ಟಿನಲ್ಲಿ ನಿಂತವರಿಗೆ ಇದು ಗೊತ್ತಿಲ್ಲದಿದ್ದರೆ, ಅವರು ನೂರರಷ್ಟು ಅಂತ ಕೂಗುವಾಗ ಮುಂದಿನ ಬೆಂಚಿನ ರೈತ ಮನಸ್ಸಿನಲ್ಲೇ ಮನೆಗೆ ಹೋಗಿಬಿಡುತ್ತಾನೆ.

ಅವರ ಹೆಂಡತಿ ಒಳಗಿನಿಂದ ಇನ್ನೊಂದು ಕೇಳಿದರು. ಆ ಬಿತ್ತೋನು ದಾರಿ ಮೇಲೆ, ಮುಳ್ಳಲ್ಲಿ ಯಾಕೆ ಬೀಜ ಚೆಲ್ಲಿದ, ಅವನಿಗೆ ಬುದ್ಧಿ ಇಲ್ವಾ? ನಾಟಿ ಮಾಡುವವರಿಗೆ ಇದು ಸಹಜವಾದ ಪ್ರಶ್ನೆ. ಒಂದೊಂದು ಪೈರನ್ನೂ ಕೈಯಲ್ಲಿ ಹಿಡಿದು ಕೆಸರಿಗೆ ಊರುವವರು ಅವರು. ಒಂದು ಕಾಳೂ ದಾರಿಗೆ ಹೋಗುವುದಿಲ್ಲ. ಗಲಿಲಾಯದಲ್ಲಿ ಬೀಜ ಎರಚಿ ಬಿತ್ತುತ್ತಿದ್ದರು, ಬಿತ್ತಿದ ಮೇಲೆ ಉಳುವುದೂ ಇತ್ತು. ನಾಗಮಂಗಲದ ಹೊಲದಲ್ಲಿ ರಾಗಿ ಎರಚಿದವರಿಗೆ ಇದು ಬೇಗ ಅರ್ಥವಾಗುತ್ತೆ, ಮದ್ದೂರಿನವರಿಗೆ ಬಿಡಿಸಿ ಹೇಳಬೇಕು. ಇಷ್ಟು ಹೇಳಿದ ಮೇಲೆ ಆ ತಾಯಿಯ ಪ್ರಶ್ನೆ ಹಾಗೇ ಉಳಿಯಿತು, ಇನ್ನೂ ಆಳವಾಯಿತು. ಫಲ ಬರುವುದಿಲ್ಲ ಅಂತ ಗೊತ್ತಿರುವ ಕಡೆಗೂ ಕೈ ಬೀಸಿ ಚೆಲ್ಲುವ ದೇವರು ಎಂಥವನು? ಅವನಿಗೆ ನಷ್ಟದ ಲೆಕ್ಕ ಇಲ್ಲವಾ? ಆ ಭಾನುವಾರ ನಾನು ನೆಲದ ಬಗ್ಗೆ ಮಾತಾಡಲಿಲ್ಲ. ಬಿತ್ತುವವನ ಕೈ ಬಗ್ಗೆ ಮಾತಾಡಿದೆ. ಆ ಪ್ರಸಂಗ ಹುಟ್ಟಿದ್ದು ಆ ಅಡುಗೆಮನೆಯ ಬಾಗಿಲಲ್ಲಿ. ನನ್ನ ಮೇಜಿನ ಮೇಲಿನ ಯಾವ ವ್ಯಾಖ್ಯಾನದಲ್ಲೂ ಆ ಪ್ರಶ್ನೆ ಅಷ್ಟು ನೇರವಾಗಿ ನನ್ನನ್ನು ಕೇಳಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಭಾನುವಾರದ ವಾಕ್ಯವನ್ನು ಸೋಮವಾರವೇ ಓದಬೇಕು. ಕಿಸೆಯಲ್ಲಿ ಇಟ್ಟುಕೊಂಡು ಮನೆಗಳಿಗೆ ಹೋಗಬೇಕು. ಹೋದ ಕಡೆ ಓದಿ, ನಿಮಗೇನು ಅನಿಸುತ್ತೆ ಅಂತ ಕೇಳಬೇಕು. ಆಮೇಲೆ ವ್ಯಾಖ್ಯಾನ ಪುಸ್ತಕ ತೆರೆಯಬೇಕು. ಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. ಗಲಿಲಾಯದ ಬೇಸಾಯ ಗೊತ್ತಿಲ್ಲದಿದ್ದರೆ ಆ ರೈತರಿಗೆ ಉತ್ತರ ಕೊಡಲು ಆಗುತ್ತಲೇ ಇರಲಿಲ್ಲ. ಶನಿವಾರ ರಾತ್ರಿ ಮೊಬೈಲಿನಲ್ಲಿ ಯಾರದೋ ಪ್ರಸಂಗ ಕೇಳಿ, ಮೂರು ಪಾಯಿಂಟ್ ಬರೆದುಕೊಂಡು ಬರುವುದು ಮಾತ್ರ ಬೇಡ. ಟೆಕ್ಸಾಸಿನ ಉದಾಹರಣೆಗಳು ಮಂಡ್ಯದ ಪುಲ್ಪಿಟ್ಟಿನಲ್ಲಿ ಕೇಳಿಬರುವುದು ಹೀಗೇ.

ಊರಿಗೆ ಊರೇ ಮಾತಾಡುವ ವಿಷಯದ ಬಗ್ಗೆ ಪುಲ್ಪಿಟ್ಟು ಬಾಯಿ ಬಿಡದಿದ್ದರೂ ಪ್ರಸಂಗ ಸಾಯುತ್ತೆ. 2016ರ ಸೆಪ್ಟೆಂಬರ್ ನೆನಪಿದೆ ಅಲ್ವಾ? 2023ರ ಸೆಪ್ಟೆಂಬರೂ ಹಾಗೇ. ಕಾವೇರಿ ನೀರು ಬಿಡಬಾರದು ಅಂತ ಮಂಡ್ಯದಲ್ಲಿ ಬಂದ್, ರಸ್ತೆ ತಡೆ. ಅಂಥ ಭಾನುವಾರ ಎಷ್ಟೋ ಕಡೆ ನೀರಿನ ಒಂದು ಮಾತೂ ಇಲ್ಲದ ಪ್ರಸಂಗ ನಡೆಯಿತು. ಪಾಸ್ಟರಿಗೆ ಭಯ ಇರುತ್ತೆ, ಅದು ನನಗೆ ಅರ್ಥವಾಗುತ್ತೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 1947ರ ಸೆಪ್ಟೆಂಬರ್ 27ರಂದು ಒಂದಾದದ್ದು ಮದರಾಸಿನಲ್ಲಿ. ನದಿಯ ಕೆಳಗೆ ತಂಜಾವೂರಿನಲ್ಲಿ ಬತ್ತಿದ ಗದ್ದೆ ನೋಡುತ್ತಾ ಕೂತವರೂ ಇದೇ ಸಭೆಯವರು, ಇದೇ ಆರಾಧನಾ ಕ್ರಮ ಹೇಳುವವರು. ಮೈಸೂರಿನಲ್ಲಿ ಕನ್ನಡ ಸಭೆಯೂ ಇದೆ, ತಮಿಳು ಸಭೆಯೂ ಇದೆ. ಎಷ್ಟು ಟಿಎಂಸಿ ಬಿಡಬೇಕು ಅಂತ ತೀರ್ಪು ಕೊಡುವುದು ಪಾಸ್ಟರ ಕೆಲಸ ಅಲ್ಲ. ಆದಿಕಾಂಡ 26ರಲ್ಲಿ ಇಸಾಕ ಬಾವಿ ತೋಡುತ್ತಾನೆ, ಕುರುಬರು ಬಂದು ನೀರು ನಮ್ಮದು ಅಂತ ಜಗಳ ತೆಗೆಯುತ್ತಾರೆ. ಇನ್ನೊಂದು ತೋಡುತ್ತಾನೆ, ಅದಕ್ಕೂ ಜಗಳ. ಮೂರನೆಯದಕ್ಕೆ ಜಗಳ ಬರಲಿಲ್ಲ. ಅಂಥ ವಾರ ಈ ಅಧ್ಯಾಯ ಓದಿ, ನಮ್ಮ ಒಣಗಿದ ಕಬ್ಬಿಗೂ ಅವರ ಒಣಗಿದ ಭತ್ತಕ್ಕೂ ಹೆಸರು ಹಿಡಿದು ಪ್ರಾರ್ಥನೆ ಮಾಡಿದರೆ ಸಾಕು. ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ. ಸಿಟ್ಟು ಬಂದವರು ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದಾದರೂ ಗೊತ್ತಾಗುತ್ತೆ.

ಪ್ರಸಂಗವನ್ನು ಅಳೆಯಲು ಬೇರೆ ದಾರಿ ಇದೆ ಅಂದಿದ್ದೆ. ಬುಧವಾರ ಯಾರನ್ನಾದರೂ ಕೇಳಿ, ಭಾನುವಾರ ಅಯ್ಯನವರು ಏನು ಹೇಳಿದರು ಅಂತ. ಒಂದು ಮಾತು ನೆನಪಿದ್ದರೆ ಪ್ರಸಂಗ ಬದುಕಿದೆ. ಆ ಮಾತಿನ ಬಗ್ಗೆ ಮನೆಯಲ್ಲಿ ವಾದ ಆಗಿದ್ದರೆ ಇನ್ನೂ ಒಳ್ಳೆಯದು. ಮಾತು ಬಹಳ ಚೆನ್ನಾಗಿತ್ತು ಆದರೆ ಏನು ಅಂತ ನೆನಪಿಲ್ಲ ಅಂದರೆ, ಅಯ್ಯನವರ ಹತ್ತಿರ ಮೆತ್ತಗೆ ಅದನ್ನು ಹೇಳಿ. ಕಮಿಟಿ ಮೀಟಿಂಗಿನಲ್ಲಿ ಅಲ್ಲ, ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ.

ಇಂಗ್ಲಿಷ್ ಮೀಡಿಯಂ ಮಕ್ಕಳ ತೊಂದರೆ ನಿಜವಾದದ್ದು. ನಮ್ಮ ಸತ್ಯವೇದದ ಕನ್ನಡ ಅವರ ನಾಲಿಗೆಗೆ ಹೊರಳುವುದಿಲ್ಲ. ಅದಕ್ಕೆ ಪ್ರಸಂಗವನ್ನು ಅರ್ಧ ಇಂಗ್ಲಿಷ್ ಮಾಡಿದರೆ ಅಜ್ಜಿಯೂ ಹೋದಳು, ಮೊಮ್ಮಗನೂ ಬರಲಿಲ್ಲ. ಓದುವ ಪಾಠವನ್ನು ಹಿಂದಿನ ವಾರವೇ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಿ. ಮನೆಯಲ್ಲಿ ಅಜ್ಜಿಯ ಹತ್ತಿರ ಕೂತು ಗಟ್ಟಿಯಾಗಿ ಓದಿ ಕಲಿತು ಬರಲಿ. ಟೀಚರ್ ಆಗಿ ನೀವೇ ಇದನ್ನು ನನಗಿಂತ ಚೆನ್ನಾಗಿ ಮಾಡಬಲ್ಲಿರಿ.

ಇನ್ನು ನಿಮ್ಮ ಮಗನ ಪ್ರಶ್ನೆ. ಅವನು ಹೇಳುವುದು ಸರಿ. ಯೂಟ್ಯೂಬಿನಲ್ಲಿ ನಿಮ್ಮ ಅಯ್ಯನವರಿಗಿಂತ, ನನಗಿಂತ ಒಳ್ಳೆಯ ಪ್ರಸಂಗಿಗಳು ಸಿಗುತ್ತಾರೆ. ಅದನ್ನು ಅಲ್ಲಗಳೆಯಬೇಡಿ. ಅವನು ಕೇಳಲಿ, ಏನು ಕೇಳಿದ ಅಂತ ನೀವೂ ಕೇಳಿ. ಆದರೆ ಆ ಪ್ರಸಂಗಿಗೆ ನಿಮ್ಮ ಮಗನ ಹೆಸರು ಗೊತ್ತಿಲ್ಲ. ಅವನು ಪಿಯುಸಿಯಲ್ಲಿ ಫೇಲಾದದ್ದು, ಅವನ ಸ್ನೇಹಿತ ಬೈಕ್ ಆಕ್ಸಿಡೆಂಟಿನಲ್ಲಿ ಹೋದದ್ದು, ಇಂಥ ಯಾವುದೂ ಆ ಪ್ರಸಂಗದೊಳಗೆ ಬರುವುದಿಲ್ಲ. ನಿಮ್ಮ ಅಯ್ಯನವರ ಪ್ರಸಂಗದಲ್ಲಿ ಅದು ಬರುತ್ತಾ? ಬರದಿದ್ದರೆ ನಿಮ್ಮ ಮಗ ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಬಂದರೆ ಅವನಿಗೆ ಉತ್ತರ ತಾನಾಗಿಯೇ ಸಿಕ್ಕುತ್ತೆ. ಬಲವಂತವಾಗಿ ಎಬ್ಬಿಸಿ ಕರೆತರಬೇಡಿ. ಅಯ್ಯನವರನ್ನು ಮನೆಗೆ ಊಟಕ್ಕೆ ಕರೆಯಿರಿ, ನಿಮ್ಮ ಮಗನ ಜೊತೆ ಕೂರಿಸಿ, ನೀವು ಒಳಗೆ ಹೋಗಿಬಿಡಿ.

ಆದರೆ ಒಬ್ಬ ಸಭಾಪಾಲಕರಿಗೆ ಇಷ್ಟೆಲ್ಲ ಆಗುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟೌನಿನ ಸಭೆಯ ಜೊತೆ ಹಳ್ಳಿ ಸಭೆಗಳನ್ನೂ ನೋಡಬೇಕು. ಶಾಲೆ, ಹಾಸ್ಟೆಲ್, ಕಟ್ಟಡ, ತೆರಿಗೆ, ಲೆಕ್ಕಪತ್ರ ಎಲ್ಲದಕ್ಕೂ ಸಹಿ ಅವರದ್ದೇ. ಮನೆಗಳ ಪರಿಚಯ ಆಗುವಷ್ಟರಲ್ಲಿ ವರ್ಗಾವಣೆ. ಅವರ ಪ್ರಸಂಗ ಸಪ್ಪೆ ಅಂತ ದೂರುವ ಕಮಿಟಿಯೇ ಅವರನ್ನು ವಾರವೆಲ್ಲ ತಾಲೂಕು ಆಫೀಸಿಗೆ ಓಡಾಡಿಸಿರುತ್ತೆ. ಆ ಓಡಾಟವನ್ನು ಕಮಿಟಿ ತನ್ನ ಮೇಲೆ ತೆಗೆದುಕೊಳ್ಳಲಿ. ಲೆಕ್ಕ ಗೊತ್ತಿರುವ ರಿಟೈರ್ಡ್ ಸದಸ್ಯರು ನಿಮ್ಮಲ್ಲಿ ಇಲ್ಲದೆ ಇರುವುದಿಲ್ಲ. ಅಯ್ಯನವರಿಗೆ ವಾರದಲ್ಲಿ ಒಂದಷ್ಟು ಸಂಜೆ ಮನೆ ಭೇಟಿಗೆ, ಒಂದು ಬೆಳಗ್ಗೆ ಓದಿಗೆ ಅಂತ ಮೀಸಲಿಡಿ. ಆ ಹೊತ್ತಿನಲ್ಲಿ ಫೋನ್ ಮಾಡಬೇಡಿ.

ಪುಲ್ಪಿಟ್ಟನ್ನೂ ಹಂಚಿಕೊಳ್ಳಿ. ನಮ್ಮದು ವೆಸ್ಲಿ ಪರಂಪರೆ. ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿಯ ಕಾಲದಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಅನ್ನುವ, ಅಭಿಷೇಕ ಇಲ್ಲದ ಸಾಮಾನ್ಯ ಮನುಷ್ಯ ಪ್ರಸಂಗ ಮಾಡಲು ಶುರುಮಾಡಿದಾಗ ವೆಸ್ಲಿಗೆ ಕೋಪ ಬಂದಿತ್ತು. ತಡೆದದ್ದು ಅವರ ತಾಯಿ ಸುಸಾನ್ನ. ಮೊದಲು ಅವನ ಮಾತು ಕೇಳು, ಆಮೇಲೆ ತೀರ್ಮಾನ ಮಾಡು ಅಂದರು. ವೆಸ್ಲಿ ಕೇಳಿದರು, ಒಪ್ಪಿದರು. ಮೆಥಡಿಸ್ಟ್ ಸಭೆ ಊರೂರಿಗೆ ಹಬ್ಬಿದ್ದು ಇಂಥ ಪ್ರಸಂಗಿಗಳಿಂದಲೇ. ನಿಮ್ಮ ಸಭೆಯಲ್ಲಿ ಒಬ್ಬ ನರ್ಸ್, ಒಬ್ಬ ರೈತ, ಒಬ್ಬ ಟೀಚರ್ ಇದ್ದಾರಲ್ಲ. ತಿಂಗಳಲ್ಲಿ ಒಂದು ಭಾನುವಾರ ಅವರಲ್ಲೊಬ್ಬರು ಮಾತಾಡಲಿ. ಅಯ್ಯನವರು ಜೊತೆ ಕೂತು ತಯಾರು ಮಾಡಿಸಲಿ. ಆ ದಿನ ಅವರು ಹಳ್ಳಿಯ ಸಭೆಗೆ ಹೋಗಿ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಟ್ಟು ಬರಬಹುದು.

ಪರದೆಯ ಬಗ್ಗೆ ನನಗೆ ವಿರೋಧ ಇಲ್ಲ. ಕಣ್ಣು ಮಂಜಾದವರಿಗೆ ಕೀರ್ತನೆಯ ಅಕ್ಷರ ದೊಡ್ಡದಾಗಿ ಕಂಡರೆ ಒಳ್ಳೆಯದೇ. ಆದರೆ ಅದನ್ನು ತಂದರೆ ಜನ ಬರುತ್ತಾರೆ ಅಂತ ಹಣ ಎತ್ತಬೇಡಿ. ಆ ಹಣದಲ್ಲಿ ಅಯ್ಯನವರ ಸ್ಕೂಟರಿಗೆ ವರ್ಷಪೂರ್ತಿ ಪೆಟ್ರೋಲ್ ಹಾಕಿಸಿದರೆ ಇನ್ನೂ ಹೆಚ್ಚು ಮನೆ ತಲುಪಬಹುದು.

ಮೊದಲು ಆ ರಿಜಿಸ್ಟರ್ ತೆಗೆಯುವ ಸಂಜೆ ಗೊತ್ತು ಮಾಡಿ. ಬರದವರ ಮನೆಗಳನ್ನು ಕಮಿಟಿಯವರು ಹಂಚಿಕೊಳ್ಳಿ, ಅಯ್ಯನವರ ಪಾಲಿಗೂ ಕೆಲವು ಕೊಡಿ. ಹೋದಾಗ ಯಾಕೆ ಬರುತ್ತಿಲ್ಲ ಅಂತ ಕೇಳಬೇಡಿ, ಹೇಗಿದ್ದೀರಿ ಅಂತ ಕೇಳಿ. ಅವರು ಹೇಳಿದ್ದನ್ನು ಸಭೆಗೆಲ್ಲ ಸಾರಬೇಡಿ. ಪ್ರಾರ್ಥನೆಗೆ ಬೇಕಾದಷ್ಟು ಮಾತ್ರ, ಅವರ ಒಪ್ಪಿಗೆ ಪಡೆದು, ಅಯ್ಯನವರಿಗೆ ತಿಳಿಸಿ. ಮಳೆಗಾಲ ಮುಗಿದು ಸುಗ್ಗಿ ಹಬ್ಬದ ಆರಾಧನೆ ಬರುವ ಹೊತ್ತಿಗೆ ಒಂದು ಸುತ್ತು ಮುಗಿದಿರುತ್ತೆ. ಆಗ ಏನು ಕಂಡಿರಿ ಅಂತ ನನಗೆ ಇನ್ನೊಂದು ಪತ್ರ ಬರೆಯಿರಿ. ರಿಜಿಸ್ಟರಿನಲ್ಲಿ ಬೆಂಗಳೂರಿಗೆ ಹೋದ ಮಕ್ಕಳ ಹೆಸರು ಎಷ್ಟಿವೆ ಅನ್ನುವುದನ್ನೂ ಬರೆಯಿರಿ. ಅವರಿಗೆ ಅಲ್ಲಿನ ಕನ್ನಡ ಸಭೆಗಳ ಪರಿಚಯ ಮಾಡಿಕೊಡಲು ನನ್ನ ಕೈಲಾದದ್ದು ಮಾಡುತ್ತೇನೆ.